ಮಂದಿಯಿಲ್ಲದ ಮಾಳಿಗೆಗಳು

ರಾಯಚೂರಿನಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟವನು ದೆವ್ವದ ಕಥೆ ಹುಡುಕಿಕೊಂಡು ಹೋಗಬೇಕಿಲ್ಲ, ಗಿರಾಕಿಗಳೇ ತಂದು ಕೊಡುತ್ತಾರೆ. ನನ್ನಲ್ಲೊಂದು ಆಟವಿದೆ: ಮಾಳಿಗೆಯಿಂದ ಮಾಳಿಗೆಗೆ, ಅಂದರೆ ತಾರಸಿಯಿಂದ ತಾರಸಿಗೆ, ಹಾರುತ್ತ ಓಡುವುದು. ಓಡುವವನ ಕಣ್ಣಿನಿಂದಲೇ ಎಲ್ಲ ಕಾಣುತ್ತದೆ, ತನ್ನದೆಂದು ಎರಡು ಕೈ, ಎರಡು ಕಾಲು ಅಷ್ಟೇ. ಓಟ ಹಿಡಿದರೆ ಜೀವ ಬಾಯಿಗೆ ಬರುತ್ತದೆ, ಅಂಥ ಸೊಗಸು. ಆದರೆ ಮಾಡಿದ ಪುಣ್ಯಾತ್ಮರು ಇಡೀ ಪಟ್ಟಣ ಕಟ್ಟಿ ಜನರನ್ನು ಹಾಕುವುದನ್ನೇ ಮರೆತಿದ್ದಾರೆ. ಬೆನ್ನಟ್ಟುವ ಬಂದೂಕಿನವರನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಆ ಬಿಳಿ ಬೀದಿ ನೋಡಿದರೆ ನನಗೂ ಮೈ ಜುಮ್ಮೆನ್ನುತ್ತದೆ.

೧. ತೆರೆಯದ ಬಾಗಿಲು

ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರರು ಪಕ್ಕದ ಹಲ್ಲಿನ ಡಾಕ್ಟರ ಬಳಿ ಬಂದವರು, ತಮ್ಮ ಪಾಳಿ ಬರುವತನಕ ನನ್ನಲ್ಲಿ ಆಡಲು ಕುಳಿತರು. ಓಡಲೇ ಇಲ್ಲ. ಒಂದೊಂದೇ ಬಾಗಿಲ ಮುಂದೆ ಹೋಗಿ ನಿಂತರು.

"ಯಾರೂ ತೆಗೀವಲ್ರಲ್ಲೋ?"

"ಅವು ಬರೇ ಚಿತ್ರ ರೀ ಸಾಹುಕಾರ್ರ, ತೆಗಿಯಂಗಿಲ್ಲ."

"ಚಿತ್ರ ಅಂದ್ರ ಒಳಗ ಲೈಟ್ ಯಾಕ ಹತ್ಯಾದ?"

ಹೊರಡುವಾಗ ನನ್ನ ಅಂಗಡಿಯ ಬಾಗಿಲಿಗೆ ಕೈ ಚಾಚಿದವರು ಹಿಂದಕ್ಕೆ ಎಳೆದುಕೊಂಡರು.

"ನೀನ ತೆಗಿಯಪ್ಪಾ," ಎಂದರು.

೨. ಡಿಶ್ ಇಲ್ಲದ ಊರು

ಇನ್ನೊಬ್ಬ ಗಿರಾಕಿ ಮನೆಗಳಿಗೆ ಟಿವಿ ಡಿಶ್ ಕೂಡಿಸುವವನು. ದೇವದುರ್ಗದಲ್ಲಿ ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಕಾಲು ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಏಣಿ ಕಂಡರೆ ಬೆವರುತ್ತಿದ್ದ. ಸೋಮವಾರ ಬರದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುವುದಾಗಿ ಮಾಲೀಕರು ಹೇಳಿದ್ದರು. ಆಟದಲ್ಲಾದರೂ ಹಾರಿ ನೋಡೋಣವೆಂದು ದಿನಾ ಮಧ್ಯಾಹ್ನ ಬರತೊಡಗಿದ.

ಅಂಗಳದಲ್ಲಿ ಹೆಣ್ಣುಮಕ್ಕಳು ಜಳಕ ಮಾಡುತ್ತಿರಬಹುದೆಂದು ನಮ್ಮ ಕಡೆ ಮಾಳಿಗೆ ಹತ್ತುವವರು ಮೊದಲು ಕೂಗಿ ಹೇಳುತ್ತಾರೆ. ಇವನು ಆಟದಲ್ಲೂ ಕೂಗುತ್ತಿದ್ದ: "ಮಾಳಿಗಿ ಮ್ಯಾಲ ಬರಾಕತ್ತೀನ್ರೀ ಯವ್ವಾ!" ಯಾರೂ ಓ ಅನ್ನುತ್ತಿರಲಿಲ್ಲ. ಅವನೂ ಹಾರುತ್ತಿರಲಿಲ್ಲ.

"ಹಾರೋ," ಎಂದೆ.

"ಅವತ್ತೂ ಯಾರೂ ಓ ಅನ್ನಲಿಲ್ರೀ. ಬಿದ್ದು ಒಂದು ತಾಸು ಕೂಗೀನಿ," ಎಂದ ಮೆಲ್ಲಗೆ. "ಈ ಊರೂ ಹಂಗ ಅದ. ಇಷ್ಟು ಮಾಳಿಗ್ಯಾಗ ಒಂದು ಡಿಶ್ ಇಲ್ಲ ನೋಡ್ರಿ. ಜೀವಂತ ಮಂದಿ ಟಿವಿ ನೋಡದ ಇರ್ತಾರೇನ್ರಿ?"

೩. ಓ ಅಂದವರು

ಶನಿವಾರ, ಬಿಸಿಲಿಗೆ ನಮ್ಮ ಬೀದಿಯಲ್ಲೂ ನಾಯಿ ಕೂಡ ಇರಲಿಲ್ಲ. ಅವನು ಆಟದಲ್ಲಿ ಎತ್ತರದ ಮಾಳಿಗೆಯ ಅಂಚಿನಲ್ಲಿ ನಿಂತು ಕೂಗಿದ.

"ನಿಂದ್ರಪ್ಪಾ! ಈಗ ಬರಬ್ಯಾಡ!" ಎಂದಿತು ಒಂದು ಹೆಣ್ಣುದನಿ.

ನನ್ನ ಚಹಾ ಅಂಗಿಯ ಮೇಲೆ ಚೆಲ್ಲಿತು. ಆ ಆಟವನ್ನು ಮೂರು ಸಲ ಮುಗಿಸಿದ್ದೇನೆ, ಅದರಲ್ಲಿ ಕನ್ನಡದವರು ಯಾರೂ ಇಲ್ಲ.

ಅವನು ಹೆದರಲಿಲ್ಲ. ಮರ್ಯಾದೆಯಿಂದ ಮುಖ ಆ ಕಡೆ ತಿರುಗಿಸಿ ಕುಳಿತ. ಬಂದೂಕಿನವರು ಬಂದರು, ಪರದೆ ಕೆಂಪಾಯಿತು.

"ಓಡಲೇ, ಸಾಯ್ತಿ!" ಎಂದು ನಾನು ಚೀರಿದೆ.

"ಹೆಣ್ಮಕ್ಕಳು ನಿಂದ್ರು ಅಂದಾರ್ರೀ."

ಎರಡು ಸಲ ಸತ್ತ. ಮೂರನೆಯ ಸಲ ಅದೇ ಅಂಚಿನಲ್ಲಿ ಎದ್ದಾಗ ದನಿ ಬಂತು: "ಆತು, ಬಾ ಈಗ."

ಹಾರಿದ. ಒಂದಲ್ಲ, ಆರು ಮಾಳಿಗೆ! "ಮಂದಿ ಅದಾರ್ರೀ!" ಎಂದವನ ಕಣ್ಣಲ್ಲಿ ನೀರು.

ಅಷ್ಟರಲ್ಲಿ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಹಿಂದಿನ ಮನೆಗೆ ನಿನ್ನೆ ಬಾಡಿಗೆಗೆ ಬಂದ ಅಜ್ಜಿ, ಒದ್ದೆ ತಲೆಗೆ ಟವೆಲ್ ಸುತ್ತಿ ನಿಂತಿದ್ದಳು. ಅವರ ಬಚ್ಚಲು ನಮ್ಮ ಗೋಡೆಗೇ ಅಂಟಿಕೊಂಡಿದೆ, ಮೇಲೆ ಸೂರಿಲ್ಲ.

"ಜಳಕ ಅರ್ಧಕ್ಕ ಬಿಟ್ಟು ಬಂದೀನಿ. ಮಾಳಿಗಿ ಹತ್ತಾಂವ ಎಲ್ಲದಾನೋ? ನಮ್ಮ ಡಿಶ್ ಹಾಕಿ ಹೋಗಂತ ಹೇಳು."

ಅವನು ಅಜ್ಜಿಯ ಮನೆ ಏಣಿಯ ಬುಡದಲ್ಲಿ ನಿಂತು ಬೆವರೊರೆಸಿಕೊಂಡು ಕೂಗಿದ. ಎದುರಿಗೇ ಇದ್ದ ಅಜ್ಜಿ, "ಕಣ್ಣ ಮುಂದ ಅದೀನಲ್ಲೋ, ಯಾಕ ಒದರ್ತಿ?" ಎಂದಳು.

"ನೀವು ಓ ಅನ್ರಿ ಯವ್ವಾ, ಹತ್ತತೀನಿ."

ಒಂದೊಂದು ಮೆಟ್ಟಿಲಿಗೂ ಓ ಅನ್ನಿಸಿಕೊಂಡು, ಕೊನೆಗೂ ಮಾಳಿಗೆ ಮುಟ್ಟಿದ. ಅಜ್ಜಿ ಸುಸ್ತಾಗಿ ನನ್ನತ್ತ ತಿರುಗಿದಳು.

"ಇಳಿಯುವಾಗೂ ಓ ಅನ್ನಬೇಕೇನೋ?"