ದಕ್ಷಿಣಕ್ಕೆ ಹೊರಟ ಬಾಣ

ನಿವೃತ್ತನಾದ ಗಂಡಸಿಗೆ ಸ್ವಂತ ಮನೆಯಲ್ಲಿ ನೆಮ್ಮದಿಯಾಗಿ ಕೂರಲು ಒಂದು ಜಾಗ ಬೇಡವೆ? ನೀವೇ ಹೇಳಿ. ಶಂಕರಪುರಂನ ನಮ್ಮ ಮನೆಯಲ್ಲಿ ನಾನು ಎಲ್ಲಿ ಕೂತರೂ ನನ್ನ ಹೆಂಡತಿ ಅಲಮೇಲುವಿನ ಕಣ್ಣಿಗೆ ಬೀಳುತ್ತೇನೆ. ಬಿದ್ದ ಕೂಡಲೇ "ಏನೂಂದ್ರೆ, ಸುಮ್ನೆ ತಾನೆ ಕೂತಿದೀರಾ?" ಎಂಬ ಪ್ರಶ್ನೆ, ಅದರ ಹಿಂದೆಯೇ ಬಿಡಿಸಲು ಸೊಪ್ಪಿನ ಕಟ್ಟು. (ಕ್ರಿಕೆಟ್ ನೋಡುವುದೆಂದರೆ ಅವಳ ಪ್ರಕಾರ ಸುಮ್ಮನೆ ಕೂರುವುದು.) ಅದಕ್ಕೇ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಒಳಗಿನಿಂದ ಚಿಲಕವಿರುವ ಹೋಮ್ ಥಿಯೇಟರ್ ಸ್ಥಾಪಿಸಲು ಸಂಕಲ್ಪ ಮಾಡಿದೆ.

ದಕ್ಷಿಣದ ಗೋಡೆಗೆ ದೊಡ್ಡ ಟೀವಿ. ಅದಕ್ಕೆ ಚಿತ್ರ ಕಳಿಸುವ ಬಾಕ್ಸು ಕಣ್ಣಿಗೆ ಕಾಣದಂತೆ ಉತ್ತರಕ್ಕಿರುವ ಅಡುಗೆಮನೆಯ ಗೋಡೆಬೀರುವಿನಲ್ಲಿ. ಎರಡರ ನಡುವಿನ ಕೇಬಲ್ ಗೋಡೆಯೊಳಗೆ. ಕೆಲಸಕ್ಕೆ ಬಂದ ಗೌರೀಶ್ ಗೋಡೆ ಕೊರೆದು, ಕೇಬಲ್ ಮಲಗಿಸಿ, ಊಟಕ್ಕೆ ಹೋದ. ನಾನು ಕನ್ನಡಕವೇರಿಸಿ ತಪಾಸಣೆಗೆ ಬಗ್ಗಿದೆ. ಕೇಬಲ್ಲಿನ ಮೈಮೇಲೆ ಬಾಣದ ಗುರುತು, ಅದೂ ನೆಟ್ಟಗೆ ದಕ್ಷಿಣಕ್ಕೆ!

ಯಮನ ದಿಕ್ಕಿಗೆ ಬಾಣ ಬಿಟ್ಟುಕೊಂಡು ಯಾರಾದರೂ ಸಂಸಾರ ಮಾಡುತ್ತಾರೆಯೆ? ನಾನು ಮೂಢನಂಬಿಕೆಯವನಲ್ಲ. ಆದರೆ ದೀಪದ ಬತ್ತಿಯನ್ನೂ ಆ ಕಡೆಗೆ ತಿರುಗಿಸದ ವಂಶ ನಮ್ಮದು. ಕೇಬಲನ್ನು ಈಚೆಗೆಳೆದು, ತುದಿಮೊದಲು ಬದಲಿಸಿ, ಬಾಣ ಉತ್ತರಕ್ಕೆ ಮುಖ ಮಾಡುವಂತೆ ಮಲಗಿಸಿದೆ. ಗಾರೆ ಕೆಲಸದ ಲಕ್ಷ್ಮಯ್ಯನಿಂದ ಆಗಲೇ ಸಿಮೆಂಟೂ ಮೆತ್ತಿಸಿಬಿಟ್ಟೆ.

ವಾರದಲ್ಲಿ ಬಣ್ಣ ಒಣಗಿತು. ಭಾನುವಾರ ಮಧ್ಯಾಹ್ನ ಫೈನಲ್ ಪಂದ್ಯ. ಬೆಳಗ್ಗೆಯೇ ಗೌರೀಶ್ ಬಂದು ಎಲ್ಲ ಜೋಡಿಸಿದ. ಪರದೆ ಕಪ್ಪಗೆ ಕೂತಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಏನ್ರೀ ಇದು? ಕೆಟ್ಟೋಗಿರೋ ಕೇಬಲ್ ತಂದು ನನ್ ಗೋಡೇಲಿ ಹೂತಿದೀರಾ?"

"ಹಾಕೋ ಮುಂಚೆ ನಿಮ್ಮೆದುರಿಗೇ ಟೆಸ್ಟ್ ಮಾಡಿದ್ನಲ್ಲ ಸಾರ್."

"ಗ್ರಾಹಕರ ಕೋರ್ಟಿಗೆ ಎಳೀತೀನಿ, ನಿಮ್ಮನ್ನೂ, ಕೇಬಲ್ ಮಾಡಿದೋರ್ನೂ!"

ಅವನು ಟೀವಿಯ ಹಿಂದಕ್ಕೆ ಟಾರ್ಚ್ ಬಿಟ್ಟ. "ಇದೇನ್ ಸಾರ್, ಬಾಕ್ಸ್ ಕಡೆ ಇರ್ಬೇಕಾದ ತುದಿ ಇಲ್ಲಿದೆ? ಇದು ಒನ್‌ವೇ ಕೇಬಲ್. ಬಾಣ ತೋರ್ಸೋ ಕಡೆಗೆ ಮಾತ್ರ ಚಿತ್ರ ಹೋಗೋದು. ಯಾರೋ ತಿರುಗಿಸಿದಾರೆ."

ಅಲಮೇಲು ನನ್ನ ಮುಖ ನೋಡಿದಳು. ಮೂವತ್ತಾರು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೇ ಸಾಕಾಯಿತು.

"ಗೋಡೆ ಒಡೀರಿ!" ಎಂದೆ, ಇದ್ದಬದ್ದ ಗತ್ತನ್ನೆಲ್ಲ ಒಟ್ಟುಗೂಡಿಸಿ.

"ಒಡೆದು ನೋಡಿ! ಒಂದ್ ವಾರದಿಂದ ಸಾರಲ್ಲೂ ಸಿಮೆಂಟು, ಮಜ್ಜಿಗೇಲೂ ಸಿಮೆಂಟು. ಸುತ್ತಿಗೆ ಸದ್ದು ಕೇಳಿದ್ರೆ ಅಡುಗೆ ನೀವೇ ಮಾಡ್ಕೊಳ್ಳಿ." ಆಮೇಲೆ ಅಲಮೇಲು ಗೌರೀಶನತ್ತ ತಿರುಗಿ, "ಅಲ್ಲಪ್ಪಾ, ಬಾಕ್ಸ್ ಈ ಕಡೆ ಇಟ್ಟು, ಟೀವೀನ ಅಡುಗೆಮನೇಲಿ ಹಾಕಿದ್ರೆ ಬರಲ್ವಾ?"

"ಫಸ್ಟ್‌ಕ್ಲಾಸಾಗಿ ಬರುತ್ತೆ ಅಮ್ಮಾ!" ಎಂದ ದ್ರೋಹಿ.

ಈಗ ನನ್ನ ಥಿಯೇಟರಿನಲ್ಲಿ ಮೆತ್ತನೆಯ ಒರಗುಕುರ್ಚಿಯ ಎದುರು ಬಾಕ್ಸೊಂದು ಒಂಟಿಯಾಗಿ ದೀಪ ಮಿಣುಕಿಸುತ್ತಿದೆ. ಫೈನಲ್ ಪಂದ್ಯವನ್ನು ನಾನು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದೆ. ಚಿತ್ರವೇನೋ ಅದ್ಭುತವಾಗಿತ್ತು. ಆದರೆ ಇದು ಅವರೆಕಾಯಿ ಕಾಲ. ಮೊದಲ ಓವರಿನಲ್ಲೇ ನೆನೆಸಿದ ಅವರೆಕಾಳಿನ ಪಾತ್ರೆ ನನ್ನ ತೊಡೆಯೇರಿತು. ಒಂದೊಂದೇ ಕಾಳು ಹಿಚುಕಿ ಸಿಪ್ಪೆ ಬಿಡಿಸುತ್ತಾ, ಹೆಬ್ಬೆರಳು ಮರಗಟ್ಟುವ ಹೊತ್ತಿಗೆ ಪಂದ್ಯ ಸಮವಾಯಿತು. ನಾನು ಎಲ್ಲ ಮರೆತು ಎದ್ದು ನಿಂತೆ.

"ಇನ್ನೂ ಆಟ ಇದೆಯಂತೆ ಕಣೇ, ಸೂಪರ್ ಓವರ್!"

ಜೀವನದಲ್ಲಿ ಮೊದಲ ಬಾರಿಗೆ ಅಲಮೇಲು ಕ್ರಿಕೆಟ್ಟನ್ನು ಅಕ್ಕರೆಯಿಂದ ನೋಡಿದಳು.

"ಒಳ್ಳೇದೇ ಆಯ್ತು, ಕೂತ್ಕೊಳ್ಳಿ. ಪಕ್ಕದ್ಮನೆ ಸುಂದರಮ್ಮನೂ ಒಂದ್ ಪಾತ್ರೆ ಕಳಿಸಿದಾರೆ."