ಇಂಕಾ ಊರು ಅಗೆದ ಅಜ್ಜ

"ಸಾಯೋರ ಮಧ್ಯೆ ಕೆಲ್ಸ ಮಾಡ್ತೀಯ, ನಿಂಗೆ ನಗು ಎಲ್ಲಿಂದ ಬರತ್ತೆ?" ಅಂತ ಮೈಸೂರಿನಿಂದ ಅಕ್ಕ ಫೋನಿನಲ್ಲಿ ಕೇಳುತ್ತಿರುತ್ತಾಳೆ. ಬೇಡವೆಂದರೂ ಬರುತ್ತದೆ, ಏನು ಮಾಡಲಿ? ಎರಡು ಸಾವಿರದ ಐದಾರರ ಸುಮಾರಿಗೆ ನಾನು ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನ ಒಂದು ಹಾಸ್ಪಿಸಿನಲ್ಲಿ ನರ್ಸ್ ಆಗಿದ್ದೆ. ಇನ್ನು ಗುಣವಾಗದು ಎಂದವರು ಕೊನೆಯ ದಿನ ಕಳೆಯಲು ಬರುವ ಜಾಗ. ಅಲ್ಲಿಗೆ ಬಂದವರು ಆ ದೇಶದವರೇ ಆದ ಒಬ್ಬ ಅಜ್ಜ. ಪ್ರಾಯದಲ್ಲಿ ಪೆರು ದೇಶದ ಬೆಟ್ಟದ ಮೇಲೆ ಇಂಕಾ ಜನರ ಹಾಳೂರು ಅಗೆದವರು. ಹೊಟ್ಟೆಯ ಕ್ಯಾನ್ಸರ್. ಹೆಂಡತಿ ದಿನವೂ ಬಂದು ಪಕ್ಕದಲ್ಲಿ ಕೂರುತ್ತಿದ್ದರು.

ಅಡುಗೆಮನೆ

ಮೊದಲ ದಿನವೇ ಅಜ್ಜ ಒಂದು ಫೋಟೊ ತೋರಿಸಿದರು. ಬರೀ ಕಲ್ಲಿನ ಗೋಡೆಗಳು, ಮೇಲೆ ಛಾವಣಿಯಿಲ್ಲ.

"ಈ ಕೋಣೆಯಲ್ಲಿ ಒಲೆಯ ಬೂದಿಯೂ ಸಿಕ್ಕಿತು, ದೇವರ ಗೂಡೂ ಸಿಕ್ಕಿತು. ಹಾಗಾದರೆ ಇದು ಮನೆಯೋ, ಗುಡಿಯೋ? ಇಪ್ಪತ್ತು ವರ್ಷ ಜಗಳವಾಡಿದೆವು."

"ಅದರಲ್ಲೇನಿದೆ? ನಮ್ಮಮ್ಮನ ಅಡುಗೆಮನೆಯೂ ಹೀಗೇ. ದೇವರ ಗೂಡಿನ ಪಕ್ಕದಲ್ಲೇ ಸಾರು ಕುದಿಯುತ್ತೆ" ಎಂದೆ.

ಅಜ್ಜ ಹೆಂಡತಿಯ ಕಡೆ ತಿರುಗಿ, "ಪ್ರೊಫೆಸರುಗಳನ್ನು ಬಿಟ್ಟು ಈಕೆಯ ಅಮ್ಮನನ್ನು ಕರೆದುಕೊಂಡು ಹೋಗಬೇಕಿತ್ತು" ಎಂದರು.

ಪಾರ್ಸೆಲ್

ನೋವು ಏರಿತು. ಮಾರ್ಫಿನ್ ಕೊಡುವಾಗ ಅಜ್ಜ ನನ್ನ ಕೈ ಹಿಡಿದು, "ನಾನು ಕಳ್ಳ" ಎಂದರು. ಆ ದೇವರ ಗೂಡಿನಲ್ಲಿದ್ದ ಹೆಬ್ಬೆರಳಿನಷ್ಟು ಮಣ್ಣಿನ ಗೊಂಬೆಯನ್ನು ಯಾರಿಗೂ ಹೇಳದೆ ಜೇಬಿಗಿಳಿಸಿ ತಂದಿದ್ದರಂತೆ. ಅದು ವಾಪಸು ಹೋಗದೆ ಪ್ರಾಣ ಹೋಗುವುದಿಲ್ಲ ಎಂದು ಹಟ ಹಿಡಿದರು. ಹೆಂಡತಿ ಅದನ್ನು ಹತ್ತಿಯಲ್ಲಿ ಸುತ್ತಿ, ಪೆರುವಿನ ಮ್ಯೂಸಿಯಮ್ಮಿಗೆ ಕಳಿಸಲು ಪೋಸ್ಟಾಫೀಸಿಗೆ ಹೋದರು.

"ಒಳಗೇನಿದೆ?" ಅಂದಳಂತೆ ಕೌಂಟರಿನ ಹುಡುಗಿ.

"ನನ್ನ ಗಂಡನ ಪಾಪ."

"ಒಡೆಯೋ ಸಾಮಾನಾ?"

ಸತ್ತ ರಾಜರು

ಇಂಕಾ ಜನ ತೀರಿಹೋದ ರಾಜರನ್ನು ಹೂಳುತ್ತಿರಲಿಲ್ಲವಂತೆ. ಒಣಗಿಸಿಟ್ಟು, ಬಟ್ಟೆ ಉಡಿಸಿ, ಎದುರಿಗೆ ಊಟ ಬಡಿಸಿ, ಕಷ್ಟ ಬಂದಾಗ ಸಲಹೆ ಕೇಳುತ್ತಿದ್ದರಂತೆ. ಅಜ್ಜ ಇದನ್ನು ನಮ್ಮಿಬ್ಬರಿಗೂ ಹೇಳಿದ್ದು ಕೊನೆಯ ವಾರದಲ್ಲಿ.

ಗುರುವಾರ ಬೆಳಿಗ್ಗೆ ಹೋಗಿಬಿಟ್ಟರು. ಮೈ ಒರೆಸಿ, ಅವರ ನೀಲಿ ಸ್ವೆಟರ್ ತೊಡಿಸಿದೆ. ಎಲುಬಿನ ಗೂಡಿಗೆ ತೊಡಿಸಿದ ಹಾಗಿತ್ತು. ಹೆಂಡತಿ ಅಳಲಿಲ್ಲ. ಒಯ್ಯುವವರನ್ನು ಕರೆಯಲೇ ಎಂದೆ.

"ತಾಳಮ್ಮ, ಇವನನ್ನು ಒಂದು ಮಾತು ಕೇಳಬೇಕು" ಎಂದು ಅಜ್ಜನ ಕಿವಿಯ ಹತ್ತಿರ ಬಗ್ಗಿದರು. "ಗ್ಯಾರೇಜಿನ ಬೀಗದ ಕೈ ಎಲ್ಲಿಟ್ಟೆ?"

ಒಂದು ನಿಮಿಷ ಹಾಗೇ ಕಾದರು. ಆಗ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಏನೂ ಬದಲಾಗಿಲ್ಲ. ಬದುಕಿದ್ದಾಗಲೂ ಇದೇ ಕತೆ. ಕೇಳಿದ್ದಕ್ಕೆ ಒಂದು ದಿನವೂ ಉತ್ತರ ಕೊಟ್ಟವನಲ್ಲ!"