ಭಾವನ ಬ್ಯಾಟಿಂಗ್ ಕ್ರಮಾಂಕ

ನಮ್ಮ ನೆಂಟರು ಬಹಳ ಒಳ್ಳೆಯವರು. ಸಾರಿಗೆ ಉಪ್ಪು ಕಡಿಮೆಯಾದರೆ ಕ್ಷಮಿಸುತ್ತಾರೆ, ಛತ್ರದಲ್ಲಿ ನೀರು ಬರದಿದ್ದರೂ ಕ್ಷಮಿಸುತ್ತಾರೆ. ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರು ಒಂದು ಸಾಲು ಕೆಳಗಿಳಿದರೆ ಮಾತ್ರ ಸಾಯುವವರೆಗೂ ನೆನಪಿಟ್ಟುಕೊಳ್ಳುತ್ತಾರೆ. ಇದೆಲ್ಲ ಗೊತ್ತಿದ್ದೂ ಅವರನ್ನು ಬೇಸ್‌ಬಾಲ್ ಆಡಲು ಇಳಿಸಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ!

ಬೇಸ್‌ಬಾಲನ್ನು ನಾನು ಕಣ್ಣಾರೆ ನೋಡಿದವನಲ್ಲ. ಹುಣಸೂರಿನಿಂದ ಎಚ್.ಡಿ. ಕೋಟೆಯ ಆಫೀಸಿಗೆ ದಿನಾ ಬಸ್ಸಿನಲ್ಲಿ ಓಡಾಡುವವನು. ಕಿಟಕಿಯಾಚೆಯ ಹೊಗೆಸೊಪ್ಪಿನ ಹೊಲಗಳನ್ನು ಎಷ್ಟು ಅಂತ ನೋಡುವುದು? ಮೊಬೈಲಿಗೆ ಒಂದು ಆಟ ಇಳಿಸಿಕೊಂಡೆ. ಅದರಲ್ಲಿ ನಾವು ಆಡುವಂತಿಲ್ಲ, ತಂಡಕ್ಕೆ ಮ್ಯಾನೇಜರು. ಒಂಬತ್ತು ಜನರಲ್ಲಿ ಯಾರ ಹಿಂದೆ ಯಾರು ಬ್ಯಾಟು ಹಿಡಿಯಬೇಕೆಂದು ಗೊತ್ತುಮಾಡಿ ಗುಂಡಿ ಒತ್ತಿದರೆ ಆಟ ತಾನೇ ನಡೆಯುತ್ತದೆ. ಇನ್ನೊಬ್ಬರಿಗೆ ಕೆಲಸ ಹೇಳುವ ಸುಖ ನನಗೆ ಮನೆಯಲ್ಲೂ ಇಲ್ಲ, ಆಫೀಸಿನಲ್ಲೂ ಇಲ್ಲ. ಆದರೆ ಆಟಗಾರರ ಹೆಸರುಗಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಹೆಸರು ಬದಲಿಸಬಹುದೆಂದು ಗೊತ್ತಾದದ್ದೇ ತಡ, ನೆಂಟರನ್ನೆಲ್ಲ ತುಂಬಿದೆ. ಯಾರ ಮನೆ ಊಟಕ್ಕಾದರೂ ಓಡಿಹೋಗಿ ಮೊದಲ ಪಂಕ್ತಿಯಲ್ಲಿ ಕೂರುವ ಚಿಕ್ಕಪ್ಪ ಮೊದಲಿಗರಾದರು. ಒಂಬತ್ತನೆಯ ಆಟಗಾರನಿಗೆ ಬ್ಯಾಟು ಬೀಸಲು ಬಾರದು, ಆದರೆ ಕೈಗೆ ಸಿಕ್ಕಿದ್ದನ್ನು ಬಿಡುವವನಲ್ಲ. ಅವನಿಗೆ ಭೇರ್ಯದ ಭಾವನ, ಅಂದರೆ ನಮ್ಮಕ್ಕನ ಗಂಡನ ಹೆಸರು ತಾನಾಗಿಯೇ ಬಂದು ಕೂತಿತು.

ಒಂದು ಭಾನುವಾರ ಅಕ್ಕ, ಭಾವ ಮನೆಗೆ ಬಂದಿದ್ದರು. ಫೋನು ಮಾಡಬೇಕೆಂದು ಭಾವ ನನ್ನ ಮೊಬೈಲು ಇಸಕೊಂಡರು. ನಾನು ಕೊತ್ತಂಬರಿ ಸೊಪ್ಪು ತರುವಷ್ಟರಲ್ಲಿ ಅವರ ಮುಖ ಊದಿಕೊಂಡಿತ್ತು.

“ಇದ್ಯಾರ ಮನೆ ಪತ್ರಿಕೆ ಕಣಯ್ಯ? ಮನೆ ಅಳಿಯನ್ನ ಕಟ್ಟಕಡೇಗೆ ಆಕಿದ್ದೀಯ?”

“ಪತ್ರಿಕೆಯಲ್ಲ ಭಾವ, ಇದೊಂದು ಆಟ” ಅಂದೆ. ಅಲ್ಲಿಗೇ ನಿಲ್ಲಿಸದೆ, ಹೊಡೆಯಲು ಬಾರದವರನ್ನು ಕೊನೆಗೆ ಹಾಕುವುದು ರೂಢಿ ಎಂದು ವಿವರಿಸಲೂ ಹೋದೆ.

“ಪತ್ರಿಕೆ ಆಗಿದ್ರೆ ಪ್ರೆಸ್ಸಿನೋನ ತಪ್ಪು ಅಂದ್ಕೊಂಡು ಸುಮ್ಕಾಯ್ತಿದ್ದೆ. ಇದು ನೀನೇ ಕೂತ್ಕೊಂಡು ಯೋಚ್ನೆ ಮಾಡಿ ಆಕಿರದು!” ಎಂದು ಚಪ್ಪಲಿ ಮೆಟ್ಟಿಕೊಂಡರು.

ಎರಡು ದಿನ ಬಿಟ್ಟು ಅಕ್ಕನ ಫೋನು: “ನಿಮ್ ಭಾವ ಗೌರಿ ಹಬ್ಬಕ್ಕೆ ಬರಕ್ಕಿಲ್ವಂತೆ ಕಣೋ. ಅವ್ರು ಬರ್ದೆ ನಾನೆಂಗ್ ಬರ್ಲಿ?” ಅವ್ವ ಹೋದ ಮೇಲೆ ಅಕ್ಕನಿಗೆ ತವರು ಅಂತ ಇರುವುದು ನಮ್ಮದೊಂದೇ ಮನೆ. ಹಬ್ಬದ ಬಾಗಿನ ತಪ್ಪಬಾರದು.

ಕೂಡಲೇ ಭಾವನನ್ನು ನಾಲ್ಕನೆಯ ಸ್ಥಾನಕ್ಕೆ ಏರಿಸಿ ಫೋನು ಮಾಡಿದೆ. “ಭಾವ, ಈ ಆಟದಲ್ಲಿ ನಾಲ್ಕನೆಯವರೇ ಯಜಮಾನರು. ಮೊದಲ ಮೂವರು ಮೈದಾನದ ಮೂಲೆಗಳಲ್ಲಿ ಕಾಯ್ತಾ ನಿಂತಿರ್ತಾರೆ. ಹೊರಟ ಜಾಗಕ್ಕೆ ಇದರಲ್ಲಿ ಮನೆ ಅಂತಾರೆ, ನೀವು ಹೊಡೆದರೇನೇ ಅವರೆಲ್ಲ ಓಡಿ ಮನೆ ಸೇರೋದು.”

“ಅಂಗಾರೆ ಎಲ್ರುನೂ ಮನೆ ಮುಟ್ಸೋನು ನಾನೇ ಅನ್ನು.”

ಹಬ್ಬ ಉಳಿಯಿತು, ತಂಡ ಮುಳುಗಿತು. ಚಿಕ್ಕಪ್ಪ, ಮಾವ, ಷಡ್ಡಕ ಮೂವರೂ ಮೂಲೆಗಳಲ್ಲಿ ಬಸ್ಸಿಗೆ ಕಾದವರ ಹಾಗೆ ನಿಂತಿದ್ದರೆ ಭಾವ ಗಾಳಿಗೆ ಬ್ಯಾಟು ಬೀಸಿ ವಾಪಸು ಬರುತ್ತಿದ್ದರು. ಸಂಜೆಯಾದರೆ ಭೇರ್ಯದಿಂದ ಫೋನು: “ಇವತ್ತೆಂಗ್ ಹೊಡ್ದೆ?” “ಚೆಂಡು ಸಿಗಲೇ ಇಲ್ಲ ಭಾವ” ಎನ್ನುತ್ತಿದ್ದೆ. ಅದು ಸುಳ್ಳೇನೂ ಅಲ್ಲ.

ಗೌರಿ ಹಬ್ಬಕ್ಕೆ ಇಬ್ಬರೂ ಬಂದರು. ಅಕ್ಕ ಬಾಗಿನ ತೆಗೆದುಕೊಂಡು ಕಣ್ಣೊರೆಸಿಕೊಂಡಳು. ನನಗೆ ಜನ್ಮ ಸಾರ್ಥಕವಾದ ಹಾಗಾಯಿತು. ಆಗ ಭಾವ ತಮ್ಮ ಮೊಬೈಲು ತೆಗೆದು, “ನಾನೂ ಒಂದ್ ಟೀಮ್ ಕಟ್ಟಿವ್ನಿ ನೋಡಯ್ಯ” ಅಂದರು. ಒಂದರಿಂದ ಒಂಬತ್ತರವರೆಗೆ ಬೆರಳಿಟ್ಟು ಹುಡುಕಿದೆ. ಬೆಂಚಿನಲ್ಲಿ ಕೂತವರಲ್ಲೂ ಹುಡುಕಿದೆ.

“ಭಾವ, ನಾನೆಲ್ಲಿ?”

“ನೀನಾ? ಮೊದ್ಲು ಇದ್ದೆ ಕಣಯ್ಯ. ಇನ್ನೊಂದು ಟೀಮಿನೋರು ಬೇಕು ಅಂದ್ರು, ಕೊಟ್ಬುಟ್ಟೆ. ನಿನ್ ಬದ್ಲಿಗೆ ಒಬ್ಬ ಒಳ್ಳೆ ಓಡೋನು ಸಿಕ್ದ.”

ನಾನು ಜೋರಾಗಿ ನಕ್ಕೆ. ಆಟವನ್ನು ಆಟದ ಹಾಗೆಯೇ ನೋಡಬೇಕು ಎಂಬುದು ನನ್ನ ಸಿದ್ಧಾಂತ. ಆಮೇಲೆ ಎಲ್ಲರೂ ಊಟಕ್ಕೆ ಕೂತರು. ಒಬ್ಬಟ್ಟು ಬಡಿಸುತ್ತ ಹೋದ ನಾನು ಭಾವನ ಎಲೆ ದಾಟಿ ಮುಂದಿನ ಎಲೆಗೆ ಹೋದದ್ದು ನನಗೆ ಗೊತ್ತೇ ಆಗಲಿಲ್ಲವೆಂದು ಎಲ್ಲರಿಗೂ ಹೇಳಿದ್ದೇನೆ. ಅಕ್ಕ ಮಾತ್ರ ಇನ್ನೂ ನಂಬಿಲ್ಲ.